ಹೆಸರು ಬರೆಯದ ಕುಂಬಾರ

ಮಣ್ಣಿನ ಮಡಕೆಯಲ್ಲಿಟ್ಟ ನೀರು ತಂಪಾಗಿರುತ್ತದೆ. ಆದರೆ ವರ್ಷದ ಉಪ್ಪಿನಕಾಯಿಯನ್ನು ಅದರಲ್ಲಿ ಯಾವ ಗೃಹಿಣಿಯೂ ಹಾಕಿಡಳು. ಅದಕ್ಕೆ ಪಿಂಗಾಣಿಯ ಜಾಡಿಯೇ ಆಗಬೇಕು. ಮಣ್ಣಿನ ಮೈಮೇಲೆ ಗಾಜಿನಂತೆ ಕರಗಿ ಹರಡಿ, ಹನಿ ನೀರೂ ಜಿನುಗದಂತೆ ತಡೆಯುವ ತೆಳುಪದರವೊಂದು ಆ ಜಾಡಿಗಿದೆ. ಅದೇ ಮೆರುಗು. ಈ ಮೆರುಗಿನ ಗುಟ್ಟನ್ನು ಬಿಡಿಸಲು ತಾರುಣ್ಯವನ್ನೆಲ್ಲ ಸವೆಸಿ, ಅದು ಕೈವಶವಾಗಿ ಕೀರ್ತಿ ಬಾಗಿಲಿಗೆ ಬಂದಾಗ ಆ ಕೀರ್ತಿಯನ್ನೇ ಸಂಶಯದಿಂದ ನೋಡಿದವರು ಜಪಾನಿನ ಕವಾಯ್ ಕಾಂಜಿರೋ.

೧೮೯೦ರಲ್ಲಿ ಶಿಮಾನೆ ಪ್ರಾಂತದ ಯಾಸುಗಿ ಎಂಬ ಊರಿನಲ್ಲಿ, ಬಡಗಿಗಳ ಮನೆತನದಲ್ಲಿ ಅವರು ಹುಟ್ಟಿದರು. ತಂದೆಯ ತಿಗುರಿಯ ಮುಂದೆ ಕುಳಿತು ಕಲಿತ ಕುಂಬಾರಿಕೆ ಅವರದಲ್ಲ. ಟೋಕಿಯೋದ ಉನ್ನತ ಕೈಗಾರಿಕಾ ಶಾಲೆಯಲ್ಲಿ ಪಿಂಗಾಣಿಯ ಶಾಸ್ತ್ರವನ್ನು ಓದಿ, ೧೯೧೪ರಲ್ಲಿ ಕ್ಯೋಟೋ ನಗರಸಭೆಯ ಪಿಂಗಾಣಿ ಸಂಶೋಧನಾಲಯವನ್ನು ಸೇರಿದರು. ಎರಡು ವರ್ಷಗಳ ತರುವಾಯ ಅದೇ ಶಾಲೆಯಿಂದ ಹಮಾದ ಶೋಜಿ ಎಂಬ ತರುಣರು ಬಂದು ಜೊತೆಗೂಡಿದರು. ಇಬ್ಬರೂ ಸೇರಿ ನಡೆಸಿದ ಮೆರುಗಿನ ಪ್ರಯೋಗಗಳು ಸುಮಾರು ೧೦,೦೦೦ ಎಂದು ಹೇಳುತ್ತಾರೆ!

ಮೆರುಗಿನ ಸಾಮಗ್ರಿಯೇನೋ ಬಹು ಸಾಮಾನ್ಯವಾದುದು: ಬೆಣಚುಕಲ್ಲಿನ ಪುಡಿ, ಜೇಡಿ, ಸುಣ್ಣ, ಒಲೆಯ ಬೂದಿ. ಬೆಣಚುಕಲ್ಲು ಗಾಜಾಗಬಲ್ಲುದು, ಆದರೆ ಒಂಟಿಯಾಗಿ ಅದು ಕುಂಬಾರನ ಬೆಂಕಿಗೆ ಕರಗದು. ಬೂದಿ, ಸುಣ್ಣಗಳು ಅದನ್ನು ಕರಗಿಸುತ್ತವೆ. ಕರಗಿದುದು ಪಾತ್ರೆಯಿಂದ ಇಳಿದುಹೋಗದಂತೆ ಜೇಡಿ ಹಿಡಿದಿಡುತ್ತದೆ. ಬಣ್ಣಕ್ಕೆ ಲೋಹ ಬೇಕು. ಸುಟ್ಟ ತಾಮ್ರದ ಪುಡಿಯನ್ನು ನೂರಕ್ಕೆ ಒಂದು ಪಾಲು ಬೆರೆಸಿ, ಗಾಳಿಯಾಡುವ ಬೆಂಕಿಯಲ್ಲಿ ಸುಟ್ಟರೆ ಹಸುರು ಬರುತ್ತದೆ. ಗಾಳಿಯನ್ನು ಬಿಗಿಹಿಡಿದು ಹೊಗೆಯಾಡಿಸಿ ಸುಟ್ಟರೆ ಅದೇ ತಾಮ್ರ ಮಾಣಿಕ್ಯದ ಕೆಂಪನ್ನು ತಳೆಯುತ್ತದೆ. ಹೊಗೆ ಅತಿಯಾದರೆ ಕೆಂಪು ಮಂಕು; ಸಾಲದೆ ಹೋದರೆ ಬಿಳಿಚಿಕೊಳ್ಳುತ್ತದೆ. ೧,೨೦೦ ಡಿಗ್ರಿ ಸೆಂಟಿಗ್ರೇಡಿಗೂ ಮಿಕ್ಕ ಶಾಖದಲ್ಲಿ, ಮುಚ್ಚಿದ ಗೂಡಿನೊಳಗೆ ನಡೆಯುವ ಈ ಮಾರ್ಪಾಟನ್ನು ಹೊರಗೆ ನಿಂತವನು ಜ್ವಾಲೆಯ ಬಣ್ಣದಿಂದಲೂ ಹೊಗೆಯ ದಟ್ಟಣೆಯಿಂದಲೂ ಊಹಿಸಬೇಕು. ಚೀನದ ಹಳೆಯ ಕುಶಲಿಗಳಿಗೆ ಸಿದ್ಧಿಸಿದ್ದ ಆ ಕೆಂಪೇ ಮುಂದೆ ಕವಾಯ್ ಅವರ ಹೆಸರಿನೊಡನೆ ಸೇರಿಹೋಯಿತು.

೧೯೨೦ರಲ್ಲಿ ಅವರು ಕ್ಯೋಟೋದ ಗೋಜೋಜಾಕ ಬೀದಿಯಲ್ಲಿ ಹಳೆಯ ಆವಗೆಯೊಂದನ್ನು ಕೊಂಡು, ಅದಕ್ಕೆ 'ಘಂಟೆಯ ಕಣಿವೆ' ಎಂಬರ್ಥದ ಹೆಸರಿಟ್ಟರು. ಇಳಿಜಾರಿನಲ್ಲಿ ಮೆಟ್ಟಿಲಿನಂತೆ ಒಂದರ ಮೇಲೊಂದು ಏರುವ ೮ ಕೋಣೆಗಳ ಆವಗೆ ಅದು; ಕೆಳಗೆ ಹೊತ್ತಿಸಿದ ಬೆಂಕಿಯ ಕಾವು ಕೋಣೆಯಿಂದ ಕೋಣೆಗೆ ಹತ್ತುತ್ತಿತ್ತು. ಮರುವರ್ಷವೇ ತಕಾಶಿಮಾಯ ಮಳಿಗೆಯಲ್ಲಿ ಮೊದಲ ಪ್ರದರ್ಶನ. ಚೀನ, ಕೊರಿಯಗಳ ಪ್ರಾಚೀನ ಮೆರುಗುಗಳನ್ನೆಲ್ಲ ಮೂವತ್ತರ ಹರೆಯದವನೊಬ್ಬ ಮರಳಿ ತಂದನೆಂದು ಜನ ಬೆರಗಾದರು.

ಬೆರಗಾಗದವರೂ ಇದ್ದರು. ಯನಾಗಿ ಸೋಯೆತ್ಸು ಎಂಬ ವಿಮರ್ಶಕರು ಅದೇ ೧೯೨೧ರಲ್ಲಿ ಕೊರಿಯದ ಹಳೆಯ ಪಾತ್ರೆಗಳನ್ನು ಟೋಕಿಯೋದಲ್ಲಿ ಪ್ರದರ್ಶಿಸಿದ್ದರು. ಹೆಸರಿಲ್ಲದ ಕುಂಬಾರರು ನಿತ್ಯದ ಬಳಕೆಗೆಂದು ಮಾಡಿದ ವಸ್ತುಗಳವು. ಕವಾಯ್ ಹೋಗಿ ನೋಡಿದರು; ಮನಸ್ಸು ಕಲಕಿತು. ಯನಾಗಿಯವರೋ ಕವಾಯ್ ಅವರ ಕೃತಿಗಳನ್ನು ಕಟುವಾಗಿಯೇ ಟೀಕಿಸಿದರು. ಹೊಗಳಿಕೆಯ ನಡುವೆ ಬಂದ ಇಂಥ ಮಾತನ್ನು ಕಡೆಗಣಿಸುವುದು ಸುಲಭವಿತ್ತು. ಕವಾಯ್ ಕಡೆಗಣಿಸಲಿಲ್ಲ. ಇಂಗ್ಲೆಂಡಿಗೆ ಹೋಗಿದ್ದ ಹಮಾದ ೧೯೨೪ರಲ್ಲಿ ಅಲ್ಲಿಯ ಹಳ್ಳಿಗಾಡಿನ ಪಾತ್ರೆಗಳೊಡನೆ ಹಿಂದಿರುಗಿ, ಈ ಇಬ್ಬರನ್ನೂ ಕೂಡಿಸಿದರು. ಟೀಕಿಸಿದವರೇ ಆಪ್ತಮಿತ್ರರಾದರು! ಜನಸಾಮಾನ್ಯರ ಕರಕೌಶಲ ಎಂಬರ್ಥದ 'ಮಿಂಗೇಯ್' ಎಂಬ ಮಾತನ್ನು ೧೯೨೫ರಲ್ಲಿ ಈ ಮೂವರೂ ಸೇರಿ ರೂಪಿಸಿದರು.

ಅನಂತರ ಕವಾಯ್ ಕೆಲವು ವರ್ಷ ಪ್ರದರ್ಶನಗಳನ್ನೇ ನಿಲ್ಲಿಸಿದರು. ಮತ್ತೆ ಹೊರಬಂದಾಗ ಅವರ ಬಟ್ಟಲು, ತಟ್ಟೆ, ಹೂಜಿಗಳು ಮನೆಬಳಕೆಯ ಗಟ್ಟಿಮೈಯನ್ನು ಪಡೆದಿದ್ದವು. ಅಡಿಯಲ್ಲಿ ಅವರ ಹೆಸರು ಇರಲಿಲ್ಲ. ಕೃತಿಯೇ ತನ್ನ ಸಹಿಯೆಂಬುದು ಅವರ ನಿಲುವು. ಇದರಲ್ಲೊಂದು ವಿಚಿತ್ರವೂ ಉಂಟು: ಹೆಸರು ಬರೆಯದಿದ್ದರೂ ಆ ಪಾತ್ರೆಗಳನ್ನು ಗುರುತಿಸದ ರಸಿಕರಿರಲಿಲ್ಲ. ಕಲಿತ ಶಾಸ್ತ್ರವನ್ನು ಅವರು ಎಸೆದುಬಿಟ್ಟರೆಂದು ತಿಳಿಯಬಾರದು. ಆ ಸಾವಿರಾರು ಪ್ರಯೋಗಗಳ ಬಲವಿದ್ದುದರಿಂದಲೇ, ಮುಪ್ಪಿನಲ್ಲಿ ಕೆಂಪು, ಹಸುರು, ಕಪ್ಪು ಮೆರುಗುಗಳನ್ನು ಕುಂಚದಿಂದ ಎರಚಿ, ಬೆಂಕಿಗೆ ಬಿಟ್ಟುಕೊಡುವ ಧೈರ್ಯ ಅವರಿಗೆ ಬಂದಿತು.

೧೯೩೭ರ ಪ್ಯಾರಿಸ್ ಪ್ರದರ್ಶನದಲ್ಲಿ ಅವರ ಕೃತಿಗೆ ಪರಮೋಚ್ಚ ಬಹುಮಾನ ಬಂದಿತು. ಕಳುಹಿಸಿದವರು ತಕಾಶಿಮಾಯದ ಕವಕಾತ್ಸು ಕೆನಿಚಿ ಎಂಬ ಮಿತ್ರರು. ಕವಾಯ್ ತಾವಾಗಿ ಸ್ಪರ್ಧೆಗೆ ಹೋದವರಲ್ಲ. ೧೯೫೭ರಲ್ಲಿ ಮಿಲಾನಿನಲ್ಲೂ ಅಂಥದೇ ಬಹುಮಾನ ದೊರೆಯಿತು. ಸ್ವದೇಶದ ಸರಕಾರ ೧೯೫೫ರಲ್ಲಿ ಕೊಡಮಾಡಿದ ಸಂಸ್ಕೃತಿ ಪದಕವನ್ನು ಅವರು ಒಲ್ಲೆನೆಂದರು. 'ಜೀವಂತ ರಾಷ್ಟ್ರನಿಧಿ' ಎಂಬ ಗೌರವಕ್ಕೂ ಅದೇ ಉತ್ತರ. ಯುದ್ಧದ ಕೊನೆಗಾಲದಲ್ಲಿ ಆವಗೆಯನ್ನು ಹೊತ್ತಿಸುವಂತಿರಲಿಲ್ಲ; ಆಗ ಬರೆವಣಿಗೆಗೆ ತೊಡಗಿದರು. ಬಡಗಿಯ ರಕ್ತ ಸುಮ್ಮನಿದ್ದೀತೆ? ಅರವತ್ತು ಕಳೆದ ಮೇಲೆ ಮರದ ಮುಖವಾಡಗಳನ್ನು ಕೆತ್ತಿದರು.

೧೯೬೬ರ ನವೆಂಬರ್ ೧೮ರಂದು ಕವಾಯ್ ತೀರಿಕೊಂಡರು. ಬಿರುಗಾಳಿಗೆ ಹಳೆಯ ಮನೆ ಹಾಳಾದ ಮೇಲೆ ೧೯೩೭ರಲ್ಲಿ ತಾವೇ ರೂಪಿಸಿ, ಬಡಗಿಯಾಗಿದ್ದ ಅಣ್ಣನ ನೆರವಿನಿಂದ ಕಟ್ಟಿಸಿದ ಅವರ ಮನೆ ೧೯೭೩ರಿಂದ ವಸ್ತುಸಂಗ್ರಹಾಲಯವಾಗಿದೆ. ಹಿತ್ತಿಲಲ್ಲಿ ಆ ೮ ಕೋಣೆಗಳ ಆವಗೆ ಇಂದಿಗೂ ಇಳಿಜಾರಿನ ಮೇಲೆ ಮೈಚಾಚಿ ಮಲಗಿದೆ. ಬಂದವರು ಬಾಗಿ ಅದರ ಕಪ್ಪು ಬಾಯಿಯೊಳಗೆ ಇಣಿಕಿ ನೋಡಬಹುದು.