ಅರ್ಕಾವೊತ್ತಿನ ಹಿಂದಿರುವ ಪ್ಯಾಕೇಜುಗಳು

ಮುಂಡರಗಿ ತಾಲ್ಲೂಕಿನ ಕೊರ್ಲಹಳ್ಳಿಯ ಹೆಸರನ್ನು ಉಬುಂಟು ಇರುವ ಕಂಪ್ಯೂಟರಿನಲ್ಲಿ ಟೈಪ್ ಮಾಡಿ ನೋಡಿ. ಪರದೆಯ ಮೇಲೆ ನಾಲ್ಕು ಅಕ್ಷರ, ಕಡತದೊಳಗೆ ಹತ್ತು ಯೂನಿಕೋಡ್ ಸಂಕೇತಗಳು. ಕಡತದಲ್ಲಿ ‘ರ’ ಮೊದಲು, ‘ಲ’ ಆಮೇಲೆ. ಪರದೆಯಲ್ಲಿ ಮಾತ್ರ ‘ಲ’ ಮುಂದಾಗಿ, ರಕಾರ ಅರ್ಕಾವೊತ್ತಾಗಿ ಅದರ ಬಲಕ್ಕೆ ಕೂರುತ್ತದೆ. ಈ ಅದಲುಬದಲು ಮಾಡುವುದು ನೀವು ಟೈಪ್ ಮಾಡುತ್ತಿರುವ ತಂತ್ರಾಂಶವಲ್ಲ. ಒತ್ತಿದ ಕೀಲಿಯನ್ನು ಐಬಸ್ ಹಿಡಿಯುತ್ತದೆ, ಫಾಂಟ್‌ಕಾನ್ಫಿಗ್ ಕನ್ನಡದ ಫಾಂಟು ಹುಡುಕುತ್ತದೆ, ಹಾರ್ಫ್‌ಬಝ್ ಒತ್ತಕ್ಷರ ಜೋಡಿಸುತ್ತದೆ, ಫ್ರೀಟೈಪ್ ಅದನ್ನು ಚುಕ್ಕೆಗಳಾಗಿ ಬಿಡಿಸುತ್ತದೆ. ಒಂದೊಂದೂ ಬೇರೆ ಪ್ಯಾಕೇಜು. ಒಂದೊಂದಕ್ಕೂ ನೋಡಿಕೊಳ್ಳುವವರು ಬೇರೆ, ಅವರ ವೇಳಾಪಟ್ಟಿಯೂ ಬೇರೆ.

ಉಬುಂಟು, ಡೆಬಿಯನ್, ಫೆಡೋರಾದಂಥ ಲಿನಕ್ಸ್ ಡಿಸ್ಟ್ರೋಗಳ (ವಿತರಣೆಗಳ) ಪದ್ಧತಿಯೇ ಇದು. ಪ್ರತಿ ತಂತ್ರಾಂಶವೂ ತನಗೆ ಬೇಕಾದ ಲೈಬ್ರರಿಯನ್ನು ಹೊತ್ತು ತರುವುದಿಲ್ಲ. ವ್ಯವಸ್ಥೆಯಲ್ಲಿರುವ ಒಂದೇ ಪ್ರತಿಯನ್ನು ಎಲ್ಲವೂ ಹಂಚಿಕೊಳ್ಳುತ್ತವೆ. ಭದ್ರತೆಯ ಲೋಪ ಕಂಡರೆ ಒಂದು ಕಡೆ ತಿದ್ದಿದರೆ ಸಾಕು. ಆದರೆ ಆ ಒಂದು ಪ್ರತಿ ಬದಲಾದ ದಿನ ಅದನ್ನು ನೆಚ್ಚಿದವರೆಲ್ಲರೂ ಬದಲಾಗಬೇಕು. 2022ರ ಏಪ್ರಿಲ್‌ನಲ್ಲಿ ಬಂದ ಉಬುಂಟು 22.04ರಲ್ಲಿ ಓಪನ್‌ಎಸ್‌ಎಸ್‌ಎಲ್ ಎಂಬ ಭದ್ರತಾ ಲೈಬ್ರರಿಯ 1.1ರ ಬದಲು 3.0 ಬಂತು. ಹಳೆಯದನ್ನು ಹೆಸರು ಹಿಡಿದು ಕೇಳುತ್ತಿದ್ದ ಎಷ್ಟೋ ತಂತ್ರಾಂಶಗಳು ಶುರುವಾಗಲೇ ಇಲ್ಲ.

ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳಿಗೆ ಇದು ದೂರದ ಮಾತಲ್ಲ. ಕೇರಳದ ಶಾಲೆಗಳಲ್ಲಿ ‘ಕೈಟ್’ ಸಂಸ್ಥೆ ಉಬುಂಟು ಆಧರಿಸಿ ಸಿದ್ಧಪಡಿಸಿದ ಲಿನಕ್ಸ್ ನಡೆಯುತ್ತದೆ. ಮೊದಲು 18.04ರ ಮೇಲೆ ನಿಂತಿದ್ದದ್ದು ಆಮೇಲೆ 22.04ಕ್ಕೆ ಬಂತು. ಅಂಥ ನೆಗೆತದಲ್ಲಿ ಮಲಯಾಳದಷ್ಟೇ ಕನ್ನಡವೂ ಸುಸೂತ್ರವಾಗಿ ದಾಟಬೇಕು. ದಾಟುವುದು, ದಾಟದಿರುವುದು ಹೇಗೆ ತೀರ್ಮಾನವಾಗುತ್ತದೆ?

ಕೀಲಿಮಣೆಯ ಕಥೆ ನೋಡಿ. ಕೆ.ಪಿ. ರಾವ್ ರೂಪಿಸಿದ, ‘ನುಡಿ’ ತಂತ್ರಾಂಶದಿಂದ ಮನೆಮಾತಾದ ಕಗಪ ವಿನ್ಯಾಸವನ್ನು ಲಿನಕ್ಸಿಗೆ ತರುವಾಗ ಅದನ್ನೊಂದು ಪ್ರತ್ಯೇಕ ಪ್ರೋಗ್ರಾಮಾಗಿ ಬರೆಯಬಹುದಿತ್ತು. ಹಾಗೆ ಮಾಡದೆ, ಯಾವ ಕೀಲಿಗೆ ಯಾವ ಅಕ್ಷರ ಎಂಬ ನಿಯಮಗಳನ್ನಷ್ಟೇ ಬರೆದ ಸಣ್ಣ ಪಠ್ಯ ಕಡತವಾಗಿ ಎಂ17ಎನ್ ಎಂಬ ಕೀಲಿಮಣೆ ನಿಯಮಗಳ ಸಂಗ್ರಹಕ್ಕೆ ಸೇರಿಸಿದರು. 2009ರಲ್ಲಿ ಫೆಡೋರಾ 11, ಉಬುಂಟು 9.10 ಎರಡೂ ಸ್ಕಿಮ್ ಎಂಬ ಹಳೆಯ ವ್ಯವಸ್ಥೆಯನ್ನು ಬದಿಗಿಟ್ಟು ಐಬಸ್ ಹಿಡಿದವು. ಸ್ಕಿಮ್‌ಗೆಂದೇ ಬರೆದದ್ದನ್ನು ಮತ್ತೆ ಬರೆಯಬೇಕಾಯಿತು. ಕಗಪ ಕಡತಕ್ಕೆ ಆ ಪಾಡು ಬರಲಿಲ್ಲ, ಎಂ17ಎನ್ ಸ್ಕಿಮ್, ಐಬಸ್ ಎರಡಕ್ಕೂ ಹೊಂದುತ್ತಿತ್ತು. ಬದಲಾಗುವ ಯಂತ್ರದಿಂದ ಬದಲಾಗದ ನಿಯಮವನ್ನು ಬೇರೆ ಇಟ್ಟದ್ದರ ಫಲ ಅದು.

ಫಾಂಟಿನ ಕಡೆ ಸಂಗತಿ ಇನ್ನೂ ಸ್ವಾರಸ್ಯವಾಗಿದೆ. ಒಂದು ಕಾಲಕ್ಕೆ ಪ್ಯಾಂಗೋ, ಕ್ಯೂಟಿ ಎಂಬ ಲೈಬ್ರರಿಗಳು, ಲಿಬ್ರೆ ಆಫೀಸ್ ಒಂದೊಂದೂ ತನ್ನದೇ ರೀತಿಯಲ್ಲಿ ಒತ್ತಕ್ಷರ ಜೋಡಿಸುತ್ತಿದ್ದವು. 2012ರಲ್ಲಿ ಪ್ಯಾಂಗೋ, ಮರುವರ್ಷ ಲಿಬ್ರೆ ಆಫೀಸ್ 4.1 ಹಾರ್ಫ್‌ಬಝ್‌ಗೆ ಬಂದವು. ಎಂಜಿನ್ ಬದಲಾಯಿತು, ಫಾಂಟುಗಳು ಹಳೆಯವೇ ಇದ್ದವು. ಕನ್ನಡದ ಓಪನ್‌ಟೈಪ್ ನಿಯಮಗಳಲ್ಲಿ ಹಳೆಯ ಕ್ರಮ, ಹೊಸ ಕ್ರಮ ಎಂದು ಎರಡಿವೆ. ಹಳೆಯ ಕ್ರಮದ ಫಾಂಟಿಗೆ ಕೊಡುವ ಮೊದಲು ನಡುವಿನ ವಿರಾಮವನ್ನು (ವ್ಯಂಜನದ ಸ್ವರ ತೆಗೆಯುವ ‘್’ ಚಿಹ್ನೆಯನ್ನು) ಕೊನೆಯ ವ್ಯಂಜನದ ಆಚೆಗೆ ಸರಿಸಬೇಕು. ಆದರೆ ಅಲ್ಲಿ ಆಗಲೇ ಒಂದು ವಿರಾಮ ಇದ್ದರೆ? ಬಂಗಾಳಿ, ಮಲಯಾಳ, ದೇವನಾಗರಿಗಳಲ್ಲಿ ಆಗಲೂ ಸರಿಸುತ್ತಾರೆ. ಕನ್ನಡದಲ್ಲಿ ಸರಿಸಬಾರದು. ಹಾರ್ಫ್‌ಬಝ್‌ನ ಮೂಲ ಸಂಕೇತದಲ್ಲಿ ಈ ಅಪವಾದ ಇಂದಿಗೂ ಇದೆ. ಪಕ್ಕದ ಟಿಪ್ಪಣಿಯಲ್ಲಿ ಉದಾಹರಣೆಯಾಗಿ ‘ಚ್ಚ್’ ಎಂಬ ಅಕ್ಷರದ ಸಂಕೇತಗಳು, ಜೊತೆಗೆ ಲೋಹಿತ್ ಕನ್ನಡ ಫಾಂಟಿನ ಕೆಲವು ಆವೃತ್ತಿಗಳ ಉಲ್ಲೇಖ. ಗ್ರಾಂಥಿಕ ಕನ್ನಡದಲ್ಲಿ ಅಪರೂಪವಾದ ಈ ಅಕ್ಷರ ನಮ್ಮ ಗದಗ ಕಡೆಯ ಆಡುಮಾತನ್ನು ಬರೆಯಲು ಹೊರಟರೆ ಎದುರಾದೀತು. ಫೈರ್‌ಫಾಕ್ಸ್, ಕ್ರೋಮ್, ಆಂಡ್ರಾಯ್ಡ್ ಎಲ್ಲಕ್ಕೂ ಬೇಕಾದ ಲೈಬ್ರರಿಯಲ್ಲಿ ಹಳೆಯ ಕನ್ನಡ ಫಾಂಟೊಂದು ಕೆಡದಿರಲೆಂದು ಯಾರೋ ಕಾಯ್ದಿಟ್ಟ ಜಾಗ ಅದು.

ಹೆಸರು ಬದಲಾದರೂ ಸಾಕು, ಪ್ಯಾಕೇಜು ತಪ್ಪಿಹೋಗುತ್ತದೆ. ಡೆಬಿಯನ್‌ನಲ್ಲಿ ‘ಟಿಟಿಎಫ್’ ಎಂದು ಆರಂಭವಾಗುತ್ತಿದ್ದ ಫಾಂಟು ಪ್ಯಾಕೇಜುಗಳು ‘ಫಾಂಟ್ಸ್’ ಎಂದು ಆರಂಭವಾಗತೊಡಗಿದವು. ಇಂಥ ಹೊತ್ತಿನಲ್ಲಿ ಡಿಸ್ಟ್ರೋದವರು ಹಳೆಯ ಹೆಸರಿನಲ್ಲೊಂದು ಖಾಲಿ ಪ್ಯಾಕೇಜು ಇಟ್ಟು, ಅದು ಹೊಸದನ್ನು ಎಳೆದು ತರುವಂತೆ ಮಾಡುತ್ತಾರೆ. ಆದರೆ ಅದು ಒಂದೆರಡು ಆವೃತ್ತಿಗಳ ಮಟ್ಟಿಗೆ ಮಾತ್ರ. ತಮ್ಮದೇ ಜಾಲತಾಣದಲ್ಲಿ ಇನ್‌ಸ್ಟಾಲರ್ ಇಟ್ಟು ಸುಮ್ಮನಾದವರಿಗೆ ಈ ಸೌಲಭ್ಯ ಮುಗಿದದ್ದೇ ಗೊತ್ತಾಗುವುದಿಲ್ಲ. ಕೆಲವೊಮ್ಮೆ ಹೆಸರಷ್ಟೇ ಅಲ್ಲ, ನೆಚ್ಚಿದ ಪ್ರೋಗ್ರಾಮಿಂಗ್ ಭಾಷೆಯ ಆವೃತ್ತಿಯೇ ಹೋಗಿಬಿಡುತ್ತದೆ. 2020ರ ಜನವರಿ 1ಕ್ಕೆ ಪೈಥಾನ್ 2ರ ಬೆಂಬಲ ನಿಂತಿತು, 2023ರ ಡೆಬಿಯನ್ 12ರಲ್ಲಿ ಅದು ಇಲ್ಲವೇ ಇಲ್ಲ. ಆಸಕ್ತರು ಬಿಡುವಿನಲ್ಲಿ ಬರೆದ ಸಣ್ಣಪುಟ್ಟ ಭಾಷಾ ಉಪಕರಣಗಳಿಗೆ ಇಂಥದ್ದೇ ದೊಡ್ಡ ಹೊಡೆತ. ತಂತ್ರಾಂಶವನ್ನು ಫ್ಲಾಟ್‌ಪ್ಯಾಕ್‌ನಲ್ಲಿ ಕಟ್ಟಿ, ಬೇಕಾದ ಲೈಬ್ರರಿಗಳನ್ನೂ ಜೊತೆಗೆ ಒದಗಿಸುವ ದಾರಿ ಈಗ ಇದೆ. ತುರ್ತಿಗೆ ಸರಿ. ಕೀಲಿಮಣೆ, ಫಾಂಟಿನಂಥ ಎಲ್ಲ ತಂತ್ರಾಂಶಕ್ಕೂ ಬೇಕಾದ ವಸ್ತುವಿಗೆ ಅದು ಒಗ್ಗುವುದಿಲ್ಲವೆಂದೇ ನನ್ನ ಅಭಿಪ್ರಾಯ. ಅವು ಡಿಸ್ಟ್ರೋದ ಮೂಲ ಭಂಡಾರದೊಳಗೇ ಇರಬೇಕು.

ಒಳಗಿದ್ದರೆ ಇನ್ನೊಂದು ಲಾಭವಿದೆ. ಡೆಬಿಯನ್‌ನಲ್ಲಿ ಯಾವುದಾದರೂ ಲೈಬ್ರರಿಯ ಹೊಸ ಆವೃತ್ತಿ ಬಂದಾಗ, ಅದನ್ನು ನೆಚ್ಚಿದ ಪ್ಯಾಕೇಜುಗಳು ಜೊತೆಗಿಟ್ಟುಕೊಂಡಿರುವ ಪರೀಕ್ಷೆಗಳನ್ನು ಯಂತ್ರಗಳು ತಾವಾಗಿಯೇ ನಡೆಸುತ್ತವೆ. ಯಾವುದಾದರೂ ಮುರಿದರೆ ಹೊಸ ಆವೃತ್ತಿ ಮುಂದಿನ ಹಂತಕ್ಕೆ ಹೋಗುವುದು ನಿಲ್ಲುತ್ತದೆ. ಪರೀಕ್ಷೆಯೇ ಬರೆದಿಲ್ಲದಿದ್ದರೆ ಒತ್ತಕ್ಷರ ಒಡೆದದ್ದು ಯಂತ್ರಕ್ಕೆ ತಿಳಿಯುವ ದಾರಿಯಿಲ್ಲ. ಹಾರ್ಫ್‌ಬಝ್‌ನ ಪರೀಕ್ಷಾ ಕಡತಗಳಲ್ಲಿ ಕನ್ನಡದ್ದೂ ಇವೆ. ಅರ್ಕಾವೊತ್ತು, ಎರಡೆರಡು ಒತ್ತಿನ ಅಕ್ಷರ, ಕೊನೆಯಲ್ಲಿ ವಿರಾಮ ಬರುವ ರೂಪಗಳಂಥವನ್ನು ಹೀಗೆ ಸೇರಿಸುತ್ತ ಹೋಗಬಹುದು. ಯಾವ ಪದ ಎಲ್ಲಿ ಕೆಡುತ್ತದೆಂದು ಪಟ್ಟಿ ಮಾಡಿಕೊಡಲು ಪ್ರೋಗ್ರಾಮಿಂಗ್ ಬರಬೇಕಿಲ್ಲ, ಕನ್ನಡ ಬಂದರಾಯಿತು.