ಸರ್ಟಿಫಿಕೇಟ್ ಕೊಟ್ಟರು ಸರಿ, ಕೆಲಸ ಎಲ್ಲಿ?

ನಿರುದ್ಯೋಗದ ಬಗ್ಗೆ ಕೇಳಿದಾಗಲೆಲ್ಲ ಆಳುವವರಿಂದ ಬರುವ ಉತ್ತರ ಒಂದೇ: ‘ಕೆಲಸ ಇದೆ, ಯುವಜನರಲ್ಲಿ ಕೌಶಲ ಇಲ್ಲ’. ಹಾಗಾದರೆ ಕೌಶಲ ಕಲಿಸೋಕೆ ಅಂತಲೇ ಹತ್ತು ವರ್ಷಗಳಿಂದ ಖರ್ಚಾಗುತ್ತಿರುವ ನಮ್ಮ ತೆರಿಗೆ ಹಣ ಏನಾಯ್ತು? 2015ರ ಜುಲೈ 15ರಂದು ಶುರುವಾದ ಪ್ರಧಾನ ಮಂತ್ರಿ ಕೌಶಲ ವಿಕಾಸ ಯೋಜನೆಯನ್ನೇ ನೋಡೋಣ.

ಎರಡು ದಾರಿ

ಕೆಲಸ ಹುಡುಕುವವರಿಗೆ ಅಲ್ಪಾವಧಿ ತರಬೇತಿ. ಕೆಲವು ನೂರು ಗಂಟೆಗಳ ಪಾಠ, ಕೊನೆಗೆ ಪರೀಕ್ಷೆ, ಪಾಸಾದರೆ ಸರ್ಟಿಫಿಕೇಟ್. ಅಭ್ಯರ್ಥಿ ಫೀಸು ಕಟ್ಟಬೇಕಿಲ್ಲ, ತರಬೇತಿ ಕೇಂದ್ರಕ್ಕೆ ಸರ್ಕಾರವೇ ಕೊಡುತ್ತದೆ.

ಈಗಾಗಲೇ ದುಡಿಯುತ್ತಿರುವವರಿಗೆ ಇನ್ನೊಂದು ದಾರಿ: ಗೊತ್ತಿರುವ ಕೆಲಸವನ್ನೇ ಪರೀಕ್ಷಿಸಿ ಮಾನ್ಯತೆ ಕೊಡುವುದು. ಹದಿನೈದು ವರ್ಷ ಗಾರೆ ಕೆಲಸ ಮಾಡಿದ ಮೇಸ್ತ್ರಿಗೆ ಗಾರೆ ಕಲಿಸಬೇಕಾ? ಬೇಡ. ಚಿಕ್ಕ ಪರಿಚಯ ತರಗತಿ, ಆಮೇಲೆ ಪರೀಕ್ಷೆ, ಅಷ್ಟೇ. ಯೋಚನೆಯೇನೋ ಒಳ್ಳೆಯದೇ. ಆದರೆ ಆ ಕಾಗದ ತೋರಿಸಿದ್ದಕ್ಕೆ ಮಾಲೀಕ ಕೂಲಿ ಹೆಚ್ಚಿಸಲೇಬೇಕು ಅನ್ನೋ ನಿಯಮ ಯೋಜನೆಯಲ್ಲಿಲ್ಲ. ಕನಿಷ್ಠ ವೇತನದಲ್ಲಿ ಅಕುಶಲ, ಅರೆಕುಶಲ, ಕುಶಲ ಅಂತ ದರ್ಜೆಗಳಿವೆ. ಸರ್ಟಿಫಿಕೇಟಿಗೂ ಆ ದರ್ಜೆಗೂ ಗಂಟು ಹಾಕಿಲ್ಲ.

ದುಡ್ಡು ಯಾವಾಗ ಬರುತ್ತೆ?

ಅಸಲಿ ಕಥೆ ಇಲ್ಲಿದೆ. 2016ರಲ್ಲಿ ಶುರುವಾದ ಎರಡನೇ ಹಂತದಲ್ಲಿ ಕೇಂದ್ರಗಳಿಗೆ ಮೂರು ಕಂತಿನಲ್ಲಿ ಹಣ: ತರಬೇತಿ ಶುರುವಾದಾಗ ಶೇ. 30, ಸರ್ಟಿಫಿಕೇಟ್ ಸಿಕ್ಕಾಗ ಶೇ. 50, ಕೆಲಸ ಸಿಕ್ಕಾಗ ಶೇ. 20. ಅಂದರೆ ಯಾರಿಗೂ ಕೆಲಸ ಸಿಗದಿದ್ದರೂ ರೂಪಾಯಿಗೆ 80 ಪೈಸೆ ಕೇಂದ್ರದ ಕೈ ಸೇರುತ್ತದೆ. ಹೀಗಿದ್ದಾಗ ಕೇಂದ್ರಗಳ ಗಮನ ಎಲ್ಲಿರುತ್ತೆ? ಬೆಂಚು ತುಂಬಿಸುವುದರಲ್ಲಿ, ಪಾಸು ಮಾಡಿಸುವುದರಲ್ಲಿ.

ಫಲಿತಾಂಶ ಸಿಎಜಿ ವರದಿಯಲ್ಲಿದೆ. 2025ರ ಡಿಸೆಂಬರ್‌ನಲ್ಲಿ ಸಂಸತ್ತಿಗೆ ಬಂದ ಆ ವರದಿಯ ಪ್ರಕಾರ, ಮೊದಲ ಮೂರು ಹಂತಗಳಲ್ಲಿ ಅಲ್ಪಾವಧಿ ತರಬೇತಿ ಮುಗಿಸಿ ಸರ್ಟಿಫಿಕೇಟ್ ಪಡೆದವರಲ್ಲಿ ಕೆಲಸ ಸಿಕ್ಕಿದ್ದು ಶೇ. 41ರಷ್ಟು ಜನರಿಗೆ. ಶೇ. 94ಕ್ಕೂ ಹೆಚ್ಚು ಅಭ್ಯರ್ಥಿಗಳ ದಾಖಲೆಯಲ್ಲಿ ಬ್ಯಾಂಕ್ ಖಾತೆಯ ಜಾಗ ಖಾಲಿ, ಇಲ್ಲವೇ ಸೊನ್ನೆಗಳು.

ಇದರಿಂದ ಪಾಠ ಕಲಿತರಾ? ನಾಲ್ಕನೇ ಹಂತದಲ್ಲಿ ಉದ್ಯೋಗದ ಲೆಕ್ಕ ಇಡುವುದನ್ನೇ ಕೈಬಿಡಲಾಗಿದೆ. ಅಭ್ಯರ್ಥಿಗಳು ತಮಗೆ ಬೇಕಾದ ದಾರಿ ಆರಿಸಿಕೊಳ್ಳಲಿ ಅನ್ನೋದು ಸರ್ಕಾರದ ಸಮರ್ಥನೆ. ಅಳತೆಗೋಲನ್ನೇ ಎತ್ತಿಟ್ಟರೆ ಸೋಲು ಗೆಲುವು ಗೊತ್ತಾಗೋದು ಹೇಗೆ?

ಬೇರೆ ಮಾದರಿ ಇದೆ

ಹಾಗಂತ ಸರ್ಕಾರಿ ತರಬೇತಿಯೇ ದಂಡ ಅಂತಲ್ಲ. ಡೆನ್ಮಾರ್ಕ್ ನೆರವಿನಿಂದ ಬೆಂಗಳೂರಿನಲ್ಲಿ ಶುರುವಾದ ಜಿಟಿಟಿಸಿ ನಮ್ಮ ಕಣ್ಣೆದುರೇ ಇದೆ. ಅಲ್ಲಿನ ಟೂಲ್ ಅಂಡ್ ಡೈ ಡಿಪ್ಲೊಮಾ ಮೂರು ವರ್ಷ, ಆಮೇಲೆ ಒಂದು ವರ್ಷ ಕಾರ್ಖಾನೆಯಲ್ಲೇ ತರಬೇತಿ. ನಿಜವಾದ ಮೆಷಿನ್ ಮೇಲೆ ಕೈ ಪಳಗುತ್ತದೆ. ಕೌಶಲಕ್ಕೆ ಸಮಯ ಬೇಕು, ಆ ಸಮಯದಲ್ಲಿ ಊಟ-ಬಾಡಿಗೆಗೆ ದುಡ್ಡೂ ಬೇಕು. ರಾಜ್ಯದ ಯುವನಿಧಿ ಪದವೀಧರರಿಗೆ 3,000, ಡಿಪ್ಲೊಮಾದವರಿಗೆ 1,500 ರೂಪಾಯಿ ಕೊಡುತ್ತದೆ. ಐಟಿಐ ಮುಗಿಸಿದವರು, ಎಸ್ಸೆಸ್ಸೆಲ್ಸಿಗೆ ಓದು ನಿಲ್ಲಿಸಿದವರು ಆ ಪಟ್ಟಿಯಲ್ಲೇ ಇಲ್ಲ. ಅಲ್ಪಾವಧಿ ತರಬೇತಿಯ ಬೆಂಚಿನಲ್ಲಿ ಕೂರುವವರಲ್ಲಿ ಅವರೂ ಇದ್ದಾರೆ.

ನಿಮ್ಮೂರಿನ ಜನಪ್ರತಿನಿಧಿ ಮುಂದಿನ ಸಲ ಕೌಶಲ ಮೇಳ ಉದ್ಘಾಟಿಸಿದಾಗ ‘ಎಷ್ಟು ಜನರಿಗೆ ತರಬೇತಿ ಕೊಟ್ರಿ’ ಅಂತ ಕೇಳಬೇಡಿ. ಕಳೆದ ವರ್ಷ ಕಲಿತವರಲ್ಲಿ ಎಷ್ಟು ಮಂದಿ ಇವತ್ತು ಅದೇ ಕೆಲಸದಲ್ಲಿದ್ದಾರೆ, ಸಂಬಳ ಎಷ್ಟು ಅಂತ ಕೇಳಿ.