ಬಿಸಿಲು ಕುಡಿಸುವ ನೀರು

ಹೈದರಾಬಾದಿನ ಹುಸೇನ್ ಸಾಗರ 16ನೇ ಶತಮಾನದಲ್ಲಿ, ಕುತುಬ್‌ಶಾಹಿ ದೊರೆ ಇಬ್ರಾಹಿಂ ಕುಲಿಯ ಕಾಲದಲ್ಲಿ ಕಟ್ಟಿಸಿದ ಕೆರೆ. ಸಮುದ್ರ ಇಲ್ಲಿಂದ ನೂರಾರು ಕಿಲೋಮೀಟರ್ ದೂರ. ಆದರೂ ಮುಂಗಾರಿನ ಪಡುವಣ ಗಾಳಿ ಶುರುವಾದರೆ ಕೆರೆಯ ಮೇಲೆ ಡಿಂಗಿಗಳು, ಅಂದರೆ ಒಬ್ಬಿಬ್ಬರು ಕೂರುವ ಪುಟ್ಟ ಹಾಯಿದೋಣಿಗಳು, ಓಡಾಡತೊಡಗುತ್ತವೆ. ಸೇನೆಯ ಇಎಂಇ ಸೇಲಿಂಗ್ ಅಸೋಸಿಯೇಷನ್ ಇರುವುದು ಇದರ ದಂಡೆಯಲ್ಲೇ. ಹೈದರಾಬಾದ್ ಸೇಲಿಂಗ್ ವೀಕ್ ಎಂಬ ಲೇಸರ್ ಮಾದರಿಯ ಡಿಂಗಿಗಳ ಸ್ಪರ್ಧೆ ನಡೆಯುವುದೂ ಇಲ್ಲೇ. ಇದನ್ನೆಲ್ಲ ಕಂಡು ಹಳೆಯ ದೋಣಿಯೊಂದನ್ನು ಕೊಳ್ಳೋಣ ಎಂದುಕೊಂಡವರು ಸಾಮಾನ್ಯವಾಗಿ ಬಣ್ಣ ನೋಡುತ್ತಾರೆ, ಹಾಯಿ ನೋಡುತ್ತಾರೆ. ನೋಡಬೇಕಾದದ್ದು ದೋಣಿಯ ತೂಕ. ಆ ತೂಕವನ್ನು ಕೆಡಿಸುವುದು ಈ ಊರಿನಲ್ಲಿ ಕೆರೆಗಿಂತ ಹೆಚ್ಚಾಗಿ ದಂಡೆಯ ಮೇಲಿನ ಬಿಸಿಲು.

ತೂಕಕ್ಕೆ ಇಷ್ಟು ಬೆಲೆ ಯಾಕೆ? ದೊಡ್ಡ ಹಾಯಿಹಡಗನ್ನು ಮಗುಚದಂತೆ ಹಿಡಿಯುವುದು ಅದರ ತಳದ ಭಾರ. ಡಿಂಗಿಯ ತಳದಲ್ಲಿ ಅಂಥ ಭಾರವಿಲ್ಲ. ನಡುವಿನ ಸೀಳಿನಲ್ಲಿ ಇಳಿಬಿಟ್ಟ ಹಲಗೆ ದೋಣಿ ಅಡ್ಡಡ್ಡ ಜಾರದಂತೆ ತಡೆಯುತ್ತದೆ, ಅಷ್ಟೇ. ವಾಲದಂತೆ ತಡೆಯುವುದು ಗಾಳಿ ಬರುವ ಕಡೆಯ ಅಂಚಿನಾಚೆಗೆ ಮೈ ಚಾಚಿ ಕೂತ ಮನುಷ್ಯ. ಯಂತ್ರದ ಒಂದು ಭಾಗ ಅವನೇ. 1971ರಲ್ಲಿ ಮಾರುಕಟ್ಟೆಗೆ ಬಂದ, ಬ್ರೂಸ್ ಕರ್ಬಿ ವಿನ್ಯಾಸದ ಲೇಸರನ್ನೇ ತೆಗೆದುಕೊಳ್ಳಿ: ಉದ್ದ ನಾಲ್ಕು ಮೀಟರ್ ಚಿಲ್ಲರೆ, ಒಡಲಿನ ತೂಕ 59 ಕಿಲೋ, ಹಾಯಿ ಸುಮಾರು 7 ಚದರ ಮೀಟರ್. ಗಂಟೆಗೆ 18 ಕಿಲೋಮೀಟರ್ ವೇಗದ ಗಾಳಿ ಈ ಹಾಯಿಯನ್ನು ಸ್ಥೂಲವಾಗಿ 10 ಕಿಲೋ ಭಾರದಷ್ಟು ಬಲದಿಂದ ತಳ್ಳುತ್ತದೆ. ವೇಗ ಎರಡು ಪಟ್ಟಾದರೆ ಒತ್ತಡ ನಾಲ್ಕು ಪಟ್ಟು, ಅಂದರೆ 40 ಕಿಲೋ. (ಹೈದರಾಬಾದಿನ ಎತ್ತರದಿಂದಾಗಿ ಇಲ್ಲಿನ ಗಾಳಿ ಅಷ್ಟೇ ಬಿಸಿಯ ಕರಾವಳಿಯ ಗಾಳಿಗಿಂತ ನೂರಕ್ಕೆ ಐದಾರು ಪಾಲು ತೆಳು, ಈ ಸಣ್ಣ ರಿಯಾಯಿತಿಯನ್ನು ಲೆಕ್ಕಕ್ಕೆ ಸೇರಿಸಿದ್ದೇನೆ.) ಆ ಬಲ ನೀರಿನಿಂದ ಎರಡೂವರೆ ಮೀಟರ್ ಮೇಲೆ ಬೀಳುತ್ತದೆ. ಎದುರಿಗೆ, ಮಧ್ಯದಿಂದ ಒಂದು ಮೀಟರ್ ಆಚೆ, 75 ಕಿಲೋದ ಮನುಷ್ಯ. ಬಲವನ್ನು ದೂರದಿಂದ ಗುಣಿಸಿದರೆ ನಿಧಾನದ ಗಾಳಿಯಲ್ಲಿ 25ಕ್ಕೆ 75, ಅವನು ನಿರಾಳ. ಜೋರು ಗಾಳಿಯಲ್ಲಿ 100ಕ್ಕೆ 75, ಹಾಯಿಯನ್ನು ಸಡಿಲಿಸಿ ಗಾಳಿಯನ್ನು ಹೊರಕ್ಕೆ ಬಿಡದೆ ಗತ್ಯಂತರವಿಲ್ಲ. 50 ಕಿಲೋದ ಹುಡುಗಿಗೆ ಆ ಗಾಳಿಯಲ್ಲಿ ಈ ಹಾಯಿ ನಡೆಯದ ಮಾತು. ಅದಕ್ಕೇ ಇದೇ ಒಡಲಿಗೆ 5.76 ಮತ್ತು 4.7 ಚದರ ಮೀಟರಿನ ಇನ್ನೆರಡು ಹಾಯಿಗಳಿವೆ. ಹಾಯಿಗಂಬದ ಕೆಳತುಂಡನ್ನೂ ಹಾಯಿಯನ್ನೂ ಬದಲಿಸಿದರೆ ದೋಣಿ ಸವಾರರ ಮೈಕಟ್ಟಿಗೆ ಹೊಂದಿಕೊಳ್ಳುತ್ತದೆ. 2023ರಲ್ಲಿ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ನೇಹಾ ಠಾಕುರ್ ಬೆಳ್ಳಿ ಗೆದ್ದದ್ದು ಅತಿ ಚಿಕ್ಕ ಹಾಯಿಯ ವರ್ಗದಲ್ಲಿ. ಹೊಸಬರು ದೊಡ್ಡ ಹಾಯಿಗೆ ಆಸೆಪಡುವುದು ಬರೀ ಒಣ ಜಂಬ.

ಇನ್ನು ಬಿಸಿಲಿನ ವಿಚಾರ. ಲೇಸರಿನ ಒಡಲು ಮುಚ್ಚಿದ ಟೊಳ್ಳು. ಮೇಲ್ಹಾಸಿನ ಫೈಬರ್ ಪದರಗಳ ನಡುವೆ ನೊರೆಯಂಥ ಹಗುರ ತಿರುಳಿದೆ. ಏಪ್ರಿಲ್-ಮೇ ತಿಂಗಳ ಬಿಸಿಲಲ್ಲಿ ಕವುಚಿಟ್ಟ ದೋಣಿಯೊಳಗಿನ ಗಾಳಿ 50 ಡಿಗ್ರಿಗೆ ಏರಿದೆ ಎನ್ನಿ. ಅದನ್ನು 28 ಡಿಗ್ರಿಯ ನೀರಿಗೆ ಇಳಿಸಿದೊಡನೆ ಒಳಗಿನ ಗಾಳಿ ನೂರಕ್ಕೆ ಆರೇಳು ಪಾಲು ಕುಗ್ಗುತ್ತದೆ. ಆ ಜಾಗ ತುಂಬಲು ಹೊರಗಿನಿಂದ ಏನಾದರೂ ಬರಲೇಬೇಕು. ಉಸಿರಾಟಕ್ಕೆಂದು ಬಿಟ್ಟ ಸಣ್ಣ ತೂತು ತೆರೆದಿದ್ದರೆ ಗಾಳಿ ಬರುತ್ತದೆ. ಅದು ಧೂಳಿನಿಂದ ಕಟ್ಟಿಕೊಂಡಿದ್ದರೆ, ಹಾಯಿಗಂಬದ ಗೂಡಿನ ಬುಡದ ಕೂದಲೆಳೆ ಬಿರುಕಿನಿಂದ ನೀರು. ಹೀಗೆ ಪ್ರತಿ ಸಲವೂ ಬಿಸಿಲು ಪಂಪಿನಂತೆ ದೋಣಿಗೆ ನೀರು ಕುಡಿಸುತ್ತದೆ. ತಿರುಳು ಒಮ್ಮೆ ನೆನೆದರೆ ಪದರಗಳು ಬಿಟ್ಟುಕೊಂಡು, ಮೇಲ್ಹಾಸು ಕಾಲಿಟ್ಟಲ್ಲಿ ಕುಸಿಯತೊಡಗುತ್ತದೆ.

ಐದು ಕಿಲೋ ಹೆಚ್ಚಾದರೇನು, ಸವಾರನ ಹೊಟ್ಟೆಯೇ ಅಷ್ಟು ಏರಿಳಿಯುವುದಿಲ್ಲವೇ ಎಂದು ಯಾರಾದರೂ ಕೇಳಬಹುದು. ಸವಾರನ ಭಾರ ಬೇಕಾದ ಕಡೆ ಸರಿದು ಕೆಲಸ ಮಾಡುತ್ತದೆ. ತಿರುಳಿನಲ್ಲಿ ಕೂತ ನೀರು ಎಲ್ಲಿಗೂ ಸರಿಯದೆ ದೋಣಿಯನ್ನು ತಗ್ಗಿಸುತ್ತದೆ, ಒಳಗಿನಿಂದ ಕೊಳೆಸುತ್ತಲೂ ಇರುತ್ತದೆ. ಹಾಗಾದರೆ ಮರದ್ದೇ ಕೊಳ್ಳಬಾರದೇ, ಬಡಗಿಯೇ ಸರಿಮಾಡಿಕೊಡುತ್ತಾನಲ್ಲ? ಜ್ಯಾಕ್ ಹೋಲ್ಟ್ 1956ರಲ್ಲಿ ರೂಪಿಸಿದ, ಇಬ್ಬರು ಕೂರುವ ಎಂಟರ್‌ಪ್ರೈಸ್ ಪ್ಲೈವುಡ್ಡಿಗೆಂದೇ ಹುಟ್ಟಿದ ದೋಣಿ, ಭಾರತದಲ್ಲಿ ಹೆಸರು ಮಾಡಿದ್ದು ಕೂಡ. ಇದು ತೂಕವುಳ್ಳ ವಾದವೇ. ಆದರೆ ಒಣ ಬೇಸಿಗೆಗೂ ತೊಯ್ದ ಮಳೆಗಾಲಕ್ಕೂ ನಡುವೆ ಮರ ಹಿಗ್ಗಿ ಕುಗ್ಗಿ ವಾರ್ನಿಷ್ ಬಿರಿಯುತ್ತದೆ. ಸೂರಿನಡಿ ಜಾಗವೂ, ಎತ್ತಲು ಇನ್ನೊಂದು ಜೊತೆ ಕೈಯೂ ಇದ್ದವರಿಗೆ ಅದು ಒಳ್ಳೆಯದು. ಗೇಟೆಡ್ ಅಪಾರ್ಟ್‌ಮೆಂಟಿನ ಒಂಟಿ ಹವ್ಯಾಸಿಗೆ ಸಲ್ಲದು.

ಕೊಳ್ಳುವ ಮುನ್ನ ಮಾಡಬೇಕಾದ ಪರೀಕ್ಷೆಗೆ ದುಬಾರಿ ಉಪಕರಣ ಬೇಡ. ದೋಣಿಯನ್ನು ಪಟ್ಟಿಗಳಲ್ಲಿ ತೂಗುಹಾಕಿ ಸ್ಪ್ರಿಂಗ್ ತಕ್ಕಡಿಯಲ್ಲಿ ತೂಗಿ, ಆ 59 ಕಿಲೋಗೆ ಹೋಲಿಸಿ. ಹಾಯಿಗಂಬದ ಗೂಡಿಗೆ ನೀರು ತುಂಬಿ ಮಟ್ಟ ಗುರುತಿಸಿ, ಸ್ವಲ್ಪ ಹೊತ್ತಿನ ಮೇಲೆ ಅದು ಇಳಿದಿದ್ದರೆ ಬಿರುಕಿದೆ. ಬೇರೆ ಕಡೆ ಸೋರಿಕೆಯ ಅನುಮಾನವಿದ್ದರೆ ಕೀಲುಗಳಿಗೆ ಸೋಪಿನ ನೀರು ಹಚ್ಚಿ ಬಿರಡೆಯ ತೂತಿನಿಂದ ಬಾಯಲ್ಲೇ ಊದಿ, ಗುಳ್ಳೆ ಎದ್ದಲ್ಲಿ ಸೀಸದಕಡ್ಡಿಯ ಗುರುತು ಹಾಕಿ. ಪಂಕ್ಚರ್ ಅಂಗಡಿಯ ಕಂಪ್ರೆಸರನ್ನು ಮಾತ್ರ ಹತ್ತಿರ ತರಬೇಡಿ, ಒಡಲೇ ಸೀಳೀತು. ಎಪಾಕ್ಸಿ, ಫೈಬರ್ ಬಟ್ಟೆ, ಎಮರಿ ಕಾಗದ, ರಿವೆಟ್ ಗನ್ ಇದ್ದರೆ ಬಹುಪಾಲು ದುರಸ್ತಿ ಮುಗಿಯುತ್ತದೆ. ಕೆರೆಗೆ ಕೂಗಳತೆಯಲ್ಲೇ ರಾಣಿಗಂಜಿನ ಹಾರ್ಡ್‌ವೇರ್ ಅಂಗಡಿಗಳಿವೆ. ಒಂದೇ ಎಚ್ಚರಿಕೆ: ಒಳಗೆ ಪೂರ್ತಿ ಒಣಗುವ ಮುನ್ನ ಬಿರುಕು ಮುಚ್ಚಿದರೆ ನೀರನ್ನು ಒಳಗೇ ಬೀಗ ಹಾಕಿ ಇಟ್ಟಂತೆ. ದಂಡೆಯಲ್ಲಿದ್ದಷ್ಟೂ ಹೊತ್ತು ಬಿರಡೆ ತೆಗೆದಿರಲಿ, ಮೇಲೆ ತಿಳಿಬಣ್ಣದ ಹೊದಿಕೆಯಿರಲಿ. ಹಾಯಿಯನ್ನು ಮಡಚದೆ ಸುರುಳಿ ಸುತ್ತಿ ನೆರಳಲ್ಲಿಡಿ. ಪಾಲಿಯೆಸ್ಟರ್ ನೂಲನ್ನು ತಿನ್ನುವುದೂ ಇದೇ ಬಿಸಿಲು.

ಕೆರೆಯ ನೀರು ಕೊಳಕು ಎಂಬ ಆಕ್ಷೇಪಕ್ಕೆ ಮಾತ್ರ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ಚರಂಡಿಯ ಹೊಲಸು ಬಂದು ಸೇರುವ ನೀರಿನಲ್ಲಿ ಮಗುಚಿ ಬೀಳುವುದು ಯಾರಿಗೂ ಹಿತವಲ್ಲ. ಚಿಕ್ಕ ಹಾಯಿಯಿದ್ದರೆ ಬೀಳುವುದು ಕಡಿಮೆ. ಸಮುದ್ರದಲ್ಲಿ ಅಲ್ಯೂಮಿನಿಯಂ ಕಂಬವನ್ನು ಸ್ಟೀಲ್ ರಿವೆಟ್ಟುಗಳ ಸುತ್ತ ಬೇಗ ಕೊರೆಯುವ ಉಪ್ಪು ಇಲ್ಲಿ ಅಷ್ಟಿಲ್ಲ ಎಂಬುದೊಂದು ಸಮಾಧಾನ. ಆದರೂ ಪ್ರತಿ ಸಲ ನಲ್ಲಿಯ ನೀರಿನಲ್ಲಿ ದೋಣಿಯನ್ನೂ ಮೈಯನ್ನೂ ತೊಳೆಯಲೇಬೇಕು. ಮಕ್ಕಳಿಗಾದರೆ ಸದ್ಯಕ್ಕೆ ಕೊಳ್ಳುವ ಮಾತೇ ಬೇಡ. ಕ್ಲಾರ್ಕ್ ಮಿಲ್ಸ್ 1947ರಲ್ಲಿ ಮಾಡಿದ 35 ಕಿಲೋದ ಆಪ್ಟಿಮಿಸ್ಟ್ ದೋಣಿಗಳಲ್ಲಿ ಯಾಟ್ ಕ್ಲಬ್ ಆಫ್ ಹೈದರಾಬಾದ್ ಮಕ್ಕಳಿಗೆ ಕಲಿಸುತ್ತದೆ. ಮಗು ಬೆಳೆದು ಅದರಲ್ಲಿ ಹಿಡಿಸದಂತಾದಾಗ ಬೇಕಾಗುವುದು ಲೇಸರಿನ ಅತಿ ಚಿಕ್ಕ ಹಾಯಿ.